ಬಾತುಗಳ ನಡುವೆ ಎರಡು ಗಡಿಗೆ

ವಾಡಿ,
೨೩ ನವೆಂಬರ್ ೧೯೩೬

ಅಪ್ಪನಿಗೆ ಅಯ್ಯಪ್ಪನ ನಮಸ್ಕಾರ.

ಅಪ್ಪಾ, ನನಗೆ ನೀರೆಂದರೆ ಅಂಜಿಕೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಿನಗೆ ಹೇಳಲು ಬಾಯೇ ಬರಲಿಲ್ಲ. ಕಾಗಿಣಾ ಹೊಳೆಯ ದಂಡೆಯಲ್ಲಿ ಹುಟ್ಟಿದವನು, ಮೀನು ಹಿಡಿಯುವ, ಬಾತು ಹಿಡಿಯುವ ಕಾಶಪ್ಪನ ಮಗ, ಮೊಳಕಾಲಿನ ಮೇಲೆ ನೀರು ಬಂದರೆ ಉಸಿರು ಹಿಡಿದುಕೊಳ್ಳುತ್ತದೆ ಎಂದು ಹೇಗೆ ಹೇಳಬೇಕು?

ನಾನು ಸಣ್ಣವನಿದ್ದಾಗ ನೀನು ನನ್ನ ಮುಖದ ಅಳತೆಗೆ ಒಂದು ಗಡಿಗೆಗೆ ಕಣ್ಣಿನ ತೂತು ಕೊರೆದಿದ್ದೆ. ಅದನ್ನು ತಲೆಗೆ ಬೋರಲು ಹಾಕಿ ಕುತ್ತಿಗೆಯವರೆಗೆ ಕೆರೆಯ ನೀರಿಗಿಳಿಸಿದ್ದೆ. ಸುತ್ತ ತೇಲುವ ಬರೀ ಗಡಿಗೆಗಳ ನಡುವೆ ನಮ್ಮ ತಲೆಯೂ ಒಂದು ಗಡಿಗೆಯಂತೆ ಕಾಣಬೇಕು, ಬಾತು ಹತ್ತಿರ ಬಂದಾಗ ನೀರಿನ ಕೆಳಗಿನಿಂದ ಕಾಲು ಹಿಡಿಯಬೇಕು. ನಿನ್ನಪ್ಪ ನಿನಗೆ ಕಲಿಸಿದ್ದು, ನೀನು ನನಗೆ ಕಲಿಸಲು ಬಂದದ್ದು. ಒಳಗೆ ಕತ್ತಲೆ. ನನ್ನ ಉಸಿರು ನನಗೇ ಬೇರೆ ಯಾರದೋ ಉಸಿರಿನಂತೆ ಕೇಳಿಸಿತು. ಕಾಲಿಗೆ ಪಾಚಿ ಸುತ್ತಿಕೊಂಡಿತು. ಗಡಿಗೆ ಕಿತ್ತೊಗೆದು ದಂಡೆಗೆ ಓಡಿದೆ. ಹೊಟ್ಟೆ ನೋವು ಎಂದೆ. ಆಮೇಲೆ ಒಂದು ಸಲ ಜ್ವರ, ಒಂದು ಸಲ ಕಾಲಿಗೆ ಮುಳ್ಳು, ಒಂದು ಸಲ ಶಾಲೆ. ನಾನು ಹುಟ್ಟಿದ ಮೇಲೆ ಹೇಳಿದ ಸುಳ್ಳುಗಳೆಲ್ಲ ಈ ಒಂದೇ ವಿಷಯದ್ದು.

ಶಾಲೆಯೂ ಹೋಯಿತು. ಅದು ನಿನಗೆ ಗೊತ್ತು. ಇನ್‌ಸ್ಪೆಕ್ಟರ್ ಸಾಹೇಬರು ಬಂದು "ಭೂಗೋಳ ರೋಜ್ ಪಢಾತೇ ಕ್ಯಾ?" ಎಂದು ಕೇಳಿದಾಗ ಎಲ್ಲರೂ "ಜೀ ಹಾಂ" ಎಂದರು. ಭೂಗೋಳ ದಿನಾ ಕಲಿಸುತ್ತಿರಲಿಲ್ಲ, ಅದಕ್ಕೆ ನಾನೊಬ್ಬನೇ "ನಹೀಂ" ಎಂದೆ. ಆ ದಿನ ಶಿಕ್ಷೆಯೆಂದು ಬಿಸಿಲಲ್ಲಿ ನಿಂತವನು ಮರುದಿನ ಹೋಗಲಿಲ್ಲ. ಅದರ ಮೇಲೆ ಕೆರೆಗೂ ಬರಲೊಲ್ಲೆ ಎಂದಾಗ ನಿನಗೆ ಸಿಟ್ಟು ಬಂತು. "ನಾಕ ಅಕ್ಷರ ಕಲ್ತು ನಮ್ಮ ಗಡಿಗಿ ನಾರತದ ಅನ್ನಂಗಾದೇನಲೇ? ನೀರಿಗಿಳಿಯದಾಂವ ನನ್ನ ಹೊಸ್ತಿಲಾ ತುಳಿಬ್ಯಾಡ" ಎಂದೆ. ನಾನು ಬಂದುಬಿಟ್ಟೆ. ಗಡಿಗೆ ನಾರುತ್ತದೆ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಇಷ್ಟು ದಿನ ನೀನು ಹಾಗೆ ತಿಳಿದುಕೊಂಡು ಕೂತಿದ್ದೀಯಲ್ಲ, ಅದೇ ನನಗೆ ತಡೆಯದಾಗಿದೆ.

ಈಗ ಬರೆಯಲು ಇನ್ನೊಂದು ಕಾರಣ. ವಾಡಿ ಸ್ಟೇಶನ್ನಿನ ಎದುರು ಫೋಟೊ ಅಂಗಡಿ ಇಟ್ಟಿರುವ ಸಿರಾಜುದ್ದೀನ ಸಾಹೇಬರ ಹತ್ತಿರ ನಾನು ಕೆಲಸಕ್ಕಿದ್ದೇನೆ. ಅರಮನೆ ಬರೆದ ಬಟ್ಟೆಯ ಮುಂದೆ ಮದುಮಕ್ಕಳನ್ನು ಕೂಡಿಸಿ ಕೂಡಿಸಿ ಅವರಿಗೆ ಬೇಸರ ಬಂದಿದೆ. ಹೈದರಾಬಾದಿನಲ್ಲಿ ಫೋಟೊಗಳ ಪ್ರದರ್ಶನವಿದೆ, ಅದಕ್ಕೆ ಹಕ್ಕಿಗಳ ಫೋಟೊ ಕಳಿಸಬೇಕು ಎನ್ನುತ್ತಾರೆ. ಚಿಂಚೋಳಿ ದಾರಿಯಲ್ಲಿ ಜಾಗೀರದಾರರು ತಮ್ಮ ಶಿಕಾರಿಗೆಂದೇ ಕಾಯ್ದಿಟ್ಟ ನಾಗರಕೆರೆ ಇದೆ. ಅಲ್ಲಿ ಬೇರೆ ಯಾರೂ ಬಲೆ ಹಾಕುವಂತಿಲ್ಲ, ಬಂದೂಕು ಹಾರಿಸುವಂತಿಲ್ಲ. ಬಾತುಗಳು ನೀರು ಕಾಣದಷ್ಟು ಇಳಿದಿವೆ, ಆದರೆ ದೂರ. ಕ್ಯಾಮೆರಾ ಕಂಡರೆ ಇನ್ನೂ ದೂರ. ನಿನ್ನ ಗಡಿಗೆಯ ವಿಷಯ ಹೇಳಿದೆ. ಸಾಹೇಬರು ಕುಣಿದಾಡಿದರು. ನೀನು ಬಂದು ನೀರಿಗಿಳಿದು ಬಾತುಗಳನ್ನು ಮೆಲ್ಲಗೆ ದಂಡೆಗೆ ತಂದರೆ ಫೋಟೊ ಸಿಗುತ್ತದೆ. ಒಂದು ಹಕ್ಕಿಯನ್ನೂ ಹಿಡಿಯುವಂತಿಲ್ಲ. ಬರುತ್ತೀಯಾ?

ಗುರುಲಿಂಗಯ್ಯ ಮಾಸ್ತರರೇ, ಅಪ್ಪನಿಗೆ ಓದಿ ಹೇಳುವಾಗ ಮೊದಲನೆಯ ಮಾತನ್ನು ಮೆಲ್ಲಗೆ ಓದಿರಿ. ಪಕ್ಕದ ಮನೆಯ ಪೀರಮ್ಮನ ಕಿವಿ ನಿಮಗೆ ಗೊತ್ತೇ ಇದೆ.

ನಿನ್ನ ಮಗ,
ಅಯ್ಯಪ್ಪ


ಕಾಗಿಣಾ ದಂಡೆ, ಚಿತ್ತಾಪುರ ತಾಲೂಕು,
೪ ಡಿಸೆಂಬರ್ ೧೯೩೬

ಅಯ್ಯಪ್ಪಗ.

ಕಾಗದ ಮುಟ್ಟೇದ. ನಿಮ್ಮವ್ವ ಆರಾಮ ಅದಾಳ. ಎಮ್ಮಿ ಕರಾ ಹಾಕೇದ.

ಗಡಿಗಿ ಹೊಸಾವು ನಡಿಯಂಗಿಲ್ಲ. ಕೆಂಪಗಿದ್ರ ಹಕ್ಕಿ ಗುರ್ತು ಹಿಡಿತಾವ. ಹೊಗಿ ಕುಡಿದ ಕರೇ ಗಡಿಗಿ ಬೇಕು. ನಾ ಬರೋಕಿಂತ ಮೊದಲೇ ಅವನ್ನ ಬೋರಲು ಹಾಕಿ ನೀರಿಗಿ ಬಿಟ್ಟಿರಬೇಕು. ಹಕ್ಕಿ ಮೊದಲ ದೂರ ಹೋಗ್ತಾವ, ಆಮ್ಯಾಲ ಮಗ್ಗಲಿಗಿ ಬರ್ತಾವ, ಆಮ್ಯಾಲ ಅದರ ಮ್ಯಾಲೇ ಕುಂದರ್ತಾವ. ಕುಂದ್ರಾಕ ಹತ್ತಿದ ಮ್ಯಾಲ ನನಗ ಹೇಳಿ ಕಳಸು. ದಂಡ್ಯಾಗ ಫೋಟೊದಾಂವ ಕುಂದ್ರಾಕ ಜೋಳದ ದಂಟಿನ ಗೂಡು ಹಾಕಸು. ಬಿಳಿ ಅಂಗಿ ಹಾಕ್ಕೊಂಡು ಬರಬ್ಯಾಡ ಅಂತ ಅವಗ ಹೇಳು.

ಇನ್ನೊಂದು. ನನ್ನ ಫೋಟೊ ತೆಗಿಬಾರದು. ನಮ್ಮಪ್ಪನ್ನ ಒಬ್ಬ ರೈಲಿನ ಸಾಹೇಬ ಹೊಳಿ ದಂಡ್ಯಾಗ ನಿಂದ್ರಿಸಿ ಫೋಟೊ ತೆಗದ, ಅದೇ ವರ್ಸ ನಮ್ಮಪ್ಪ ಸತ್ತ ಹ್ವಾದ. ನಿನ್ನ ಸಾಹೇಬ ಕಬೂಲ ಆದ್ರ ಬರ್ತೀನಿ, ಇಲ್ಲಂದ್ರ ಇಲ್ಲ.

ಹಕ್ಕಿ ಹಿಡಿಬ್ಯಾಡ ಅಂದ್ರ ಹಿಡಿಯಂಗಿಲ್ಲ. ಅದನ್ನೇನ ಎರಡ ಸಲ ಹೇಳೂದು? ನನ್ನ ಕೈ ನನ್ನ ಮಾತ ಕೇಳಂಗಿಲ್ಲೇನು?

ಕಾಶಪ್ಪನ ಹೆಬ್ಬೆಟ್ಟು

ಚಿ. ಅಯ್ಯಪ್ಪನಿಗೆ ಗುರುಲಿಂಗಯ್ಯನ ಆಶೀರ್ವಾದ. ನಿನ್ನ ತಂದೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ನಿನ್ನ ಕಾಗದದ ಮೊದಲ ಮಾತನ್ನು ಮತ್ತೆ ಮತ್ತೆ ಓದಿಸಿದ. ಆಮೇಲೆ ಎದ್ದು ಹೋಗಿ ಎಮ್ಮೆಯ ಮೈ ತಿಕ್ಕಿ ಬಂದ. ಎಮ್ಮೆಯ ಕರುವಿನ ಮಾತಾದ ಮೇಲೆ ಒಂದು ಸಾಲು ಬರೆಸಿದ್ದ, "ನನಗೂ" ಎಂದು ಶುರುವಾಗುವ ಸಾಲು. ಬರೆದು ಮುಗಿಸುವುದರೊಳಗೆ "ಹೊಡದ ಹಾಕ್ರಿ ಮಾಸ್ತರ" ಎಂದ. ಕಾಗದದ ಮೇಲೆ ಆ ಕರಿ ಗೆರೆ ನಿನಗೆ ಕಾಣುತ್ತದೆ. ಕೆಳಗೇನಿದೆ ಎಂದು ಬೆಳಕಿಗೆ ಹಿಡಿದು ನೋಡಬೇಡ, ನಾನು ಚೆನ್ನಾಗಿ ಹೊಡೆದಿದ್ದೇನೆ.


ವಾಡಿ,
೧೭ ಡಿಸೆಂಬರ್ ೧೯೩೬

ಅಪ್ಪನಿಗೆ,

ನಾಗರಕೆರೆಯ ಕಾವಲುಗಾರ ಚಂದ್ರಾಮಪ್ಪ ಗಡಿಗೆಗಳನ್ನು ನೀರಿಗೆ ಬಿಟ್ಟಿದ್ದಾನೆ. ಮೊದಲು ಅವನ ಹೆಂಡತಿ ಗಡಿಗೆ ಕೊಡಲೊಲ್ಲೆ ಎಂದಳಂತೆ. "ಹಕ್ಕಿಗಿ ಗಡಿಗಿ ಕೊಟ್ಟು ನಾ ಬೊಗಸಿಲೆ ಅಂಬಲಿ ಕಾಸಲೇನು?" ಎಂದು ಕೇಳಿದಳಂತೆ. ಈಗ ಬಾತುಗಳು ಗಡಿಗೆಯ ಮೇಲೆ ಕೂರುತ್ತಿವೆ ಎಂದು ಹೇಳಿ ಕಳಿಸಿದ್ದಾನೆ.

ನಿನ್ನ ಫೋಟೊ ತೆಗೆಯುವುದಿಲ್ಲ ಎಂದು ಸಿರಾಜುದ್ದೀನ ಸಾಹೇಬರು ಮಾತು ಕೊಟ್ಟಿದ್ದಾರೆ. ಜಾಗೀರದಾರರ ಪರವಾನಗಿಯೂ ಬಂತು. ಫೋಟೊಗೆ ಮಾತ್ರ, ಹಕ್ಕಿ ಹಿಡಿದರೆ ಚಾವಡಿಗೆ ಒಯ್ಯುತ್ತಾರೆ. ಎರಡನೆಯ ಸಲ ಹೇಳುತ್ತಿದ್ದೇನೆ, ಸಿಟ್ಟಾಗಬೇಡ.

ಕ್ರಿಸ್‌ಮಸ್ಸಿನ ಮರುದಿನ ನಾವು ವಾಡಿಯಲ್ಲಿ ಗಾಡಿ ಹತ್ತುತ್ತೇವೆ. ನೀನು ಚಿತ್ತಾಪುರದಲ್ಲಿ ಹತ್ತು. ಸೇಡಂನಲ್ಲಿ ಇಳಿದು ಎತ್ತಿನ ಬಂಡಿ.

ಆ ಕರಿ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಮಾಸ್ತರರು ನಿಜವಾಗಿಯೂ ಚೆನ್ನಾಗಿ ಹೊಡೆದಿದ್ದಾರೆ.

ಅಯ್ಯಪ್ಪ


ವಾಡಿ,
೩೦ ಡಿಸೆಂಬರ್ ೧೯೩೬

ಅವ್ವಾ,

ಈ ಕಾಗದ ನಿನಗೆ. ಕೆರೆಯಲ್ಲಿ ಏನಾಯಿತು ಎಂದು ಅಪ್ಪ ನಿನಗೆ ಹೇಳಿರುವುದಿಲ್ಲ. ಹೇಳಿದ್ದರೂ ಅರ್ಧ ಹೇಳಿರುತ್ತಾನೆ. ಅದಕ್ಕೆ ಪೂರ್ತಿ ನಾನು ಬರೆಯುತ್ತೇನೆ, ಆಮೇಲೆ ನೀನು ಯಾರನ್ನು ಬೈಯಬೇಕೋ ಬೈಯಿ.

ಚಿತ್ತಾಪುರದಲ್ಲಿ ಅಪ್ಪ ಗೋಣಿಚೀಲ ಹಿಡಿದು ಹತ್ತಿದ. ಸಿರಾಜುದ್ದೀನ ಸಾಹೇಬರಿಗೆ "ಸಲಾಂ ಸಾಬ್" ಎಂದ. ನನಗೆ "ಸೊರಗೀದಿ" ಎಂದ. "ನೀನೂ" ಎಂದೆ. ಸೇಡಂ ಬರುವವರೆಗೆ ಅಷ್ಟೇ ಮಾತು. ಸೀಟಿನಲ್ಲಿ ಜಾಗವಿದ್ದರೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆಳಗೇ ಕೂತಿದ್ದ. ಸಾಹೇಬರು "ಕಾಶಪ್ಪ ಮಿಯಾ, ಅದರಾಗೇನ ಅದ, ಕೂಸ ಅದ ಏನು?" ಎಂದು ಚೇಷ್ಟೆ ಮಾಡಿದರು. ಅಪ್ಪ ನಗಲಿಲ್ಲ.

ಸಂಜೆ ಕೆರೆಯ ಏರಿಯ ಮೇಲೆ ಚೀಲ ಬಿಚ್ಚಿದ. ಒಳಗೆ ಎರಡು ಗಡಿಗೆ ಇದ್ದವು. ಒಂದು ಅವನ ಹಳೆಯದು, ನಿನಗೆ ಗೊತ್ತಿರುವುದು. ಇನ್ನೊಂದು ಈಚೆಗೆ ಹೊಗೆ ಹಾಕಿ ಕಪ್ಪು ಮಾಡಿದ್ದು.

"ಎರಡ ಯಾಕಪ್ಪ?"

"ಒಂದ ಒಡದ್ರ ಇರಲಿ ಅಂತ."

ಅವನು ಮುಖ ತೊಳೆಯಲು ಹೋದಾಗ ಎರಡನೆಯದನ್ನು ತಲೆಗೆ ಹಾಕಿ ನೋಡಿದೆ. ಅವ್ವಾ, ಎರಡೂ ತೂತು ಸರಿಯಾಗಿ ನನ್ನ ಕಣ್ಣಿಗೆ ಬಂದವು. ಗಡಿಗೆಗೆ ಕಣ್ಣು ಕೊರೆಯುವಾಗ ಅಪ್ಪ ಎದುರಿಗೆ ಕೂಡಿಸಿಕೊಂಡು ಬೆರಳಿನಿಂದ ಮುಖ ಅಳೆಯುತ್ತಾನಲ್ಲ, ಈ ಸಲ ಅಳೆಯಲು ನಾನು ಅಲ್ಲಿರಲಿಲ್ಲ. ನನ್ನ ಮುಖ ಅವನು ನೋಡದೆಯೇ ಎರಡು ವರ್ಷವಾಗಿತ್ತು. ಹೇಗೆ ಕೊರೆದ?

ಬೆಳಗಾಗುವ ಹೊತ್ತಿಗೆ ನಾವು ದಂಟಿನ ಗೂಡಿನಲ್ಲಿದ್ದೆವು. ನಾನು ಹುಟ್ಟಿನಿಂದ ಹಕ್ಕಿ ನೋಡಿದವನು, ಆದರೆ ಅಷ್ಟು ಹಕ್ಕಿಗಳನ್ನು ಸುಮ್ಮನೆ ನೋಡಲೆಂದೇ ಎಂದೂ ಕೂತಿರಲಿಲ್ಲ. ಮಂಜಿನೊಳಗಿಂದ ಮೊದಲು ಸದ್ದು ಬಂತು, ಒಂದು ಮದುವೆಮನೆ ತುಂಬ ಹೆಂಗಸರು ಪಿಸುಗುಟ್ಟಿದಂತೆ. ಆಮೇಲೆ ಆಕಾರಗಳು. ಸೂಜಿಯಂಥ ಬಾಲದ ಬಾತುಗಳು, ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಮೇಯುತ್ತಿದ್ದವು. ಒಂದು ಗುಳುಮುಳುಕ ಹಕ್ಕಿ ನೀರಿಗೆ ಮುಳುಗಿ ನಾವು ನೋಡುವ ಕಡೆ ಬಿಟ್ಟು ಬೇರೆ ಕಡೆಯೇ ಏಳುತ್ತಿತ್ತು. ಕೊಂಬು ತಿರುಚಿದ ಒಂದು ಚಿಗರಿ ನೀರು ಕುಡಿಯಲು ಬಂತು. ಸಾಹೇಬರು ಕರಿ ಬಟ್ಟೆಯೊಳಗೆ ತಲೆ ಹಾಕಿ ಕೈಯಲ್ಲಿನ ರಬ್ಬರ್ ಗುಂಡು ಒತ್ತಿದರು. ಅದೇ ಗಳಿಗೆಗೆ ಚಿಗರಿ ತಲೆ ಕೊಡವಿತು. "ಗಯಾ! ಇದಕ್ಕ ನಾಕ ತಲಿ ಬಂದಿರ್ತಾವ" ಎಂದು ಬಟ್ಟೆಯೊಳಗೇ ಹಣೆ ಬಡಿದುಕೊಂಡರು. ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿತ್ತು. ಅದು ಮಾತ್ರ ಅಂಗಡಿಗೆ ಬಂದ ಪಟವಾರಿಯ ಹಾಗೆ ಅಲುಗಾಡದೆ ಫೋಟೊ ತೆಗೆಸಿಕೊಂಡಿತು.

ಆದರೆ ಬಂದದ್ದು ಬಾತುಗಳ ಹಿಂಡಿಗಾಗಿ. ಅಪ್ಪ ಗಡಿಗೆ ಹಾಕಿಕೊಂಡು ಇಳಿದ. ಅವನು ಎಲ್ಲಿದ್ದಾನೆಂದು ನನಗೇ ತಿಳಿಯದಾಯಿತು. ತೇಲುವ ಗಡಿಗೆಗಳಲ್ಲಿ ಒಂದು ಮಾತ್ರ ಗಾಳಿಗೆ ಎದುರಾಗಿ ಬರುತ್ತಿತ್ತು. ಬಾತುಗಳು ಅಂಜಲಿಲ್ಲ, ಆದರೆ ಒಬ್ಬನೇ ಆದುದರಿಂದ ಎಡಕ್ಕೆ ಸರಿದು ನೀರಿನಲ್ಲಿ ಬೆಳೆದ ಜೊಂಡಿನೊಳಗೆ ಹೋದವು. ಮತ್ತೆ ಸುತ್ತು ಹಾಕಿದ. ಮತ್ತೆ ಸರಿದವು. ನನ್ನ ಪಕ್ಕದಲ್ಲಿ ಕೂತ ಚಂದ್ರಾಮಪ್ಪ, "ಒಬ್ಬನ ಕೈಲೆ ಆಗಂಗಿಲ್ಲ ಬಿಡ್ರಿ. ಆ ಕಡಿ ಇನ್ನೊಂದ ಗಡಿಗಿ ಬೇಕು" ಎಂದ. ಬಿಸಿಲು ಏರುತ್ತಿತ್ತು. ಸಾಹೇಬರು "ಜಾನೇ ದೋ" ಎಂದರು. ಯಾರೂ ನನ್ನ ಕಡೆ ನೋಡಲಿಲ್ಲ. ನನ್ನ ಅಂಜಿಕೆ ಅವರಿಗೂ ಗೊತ್ತಿತ್ತು, ಹಿಂದಿನ ರಾತ್ರಿ ನಾನೇ ಹೇಳಿದ್ದೆ. ನೋಡದೇ ಇದ್ದುದರಿಂದಲೇ ಅಂಗಿ ತೆಗೆದೆ.

ಅಪ್ಪ ದಂಡೆಗೆ ಬಂದು ಗಡಿಗೆ ತೆಗೆದ.

"ಬ್ಯಾಡ."

"ಬರ್ತೀನಿ."

"ಬ್ಯಾಡ ಅಂದ್ನಲ್ಲ. ದಂಡ್ಯಾಗ ಕುಂದ್ರು."

"ನನ್ನ ಮಾರಿಗಿ ಗಡಿಗಿ ಕೊರದು ತಂದು ಬ್ಯಾಡ ಅಂತೀ ಏನು?"

ಅವನು ಎರಡನೆಯ ಗಡಿಗೆಯನ್ನು ನನ್ನ ತಲೆಗೆ ಹಾಕಿದ. ನನ್ನ ಮುಂಗೈ ಹಿಡಿದ.

ಅವ್ವಾ, ನೀರು ಹೇಗಿತ್ತೆಂದು ಬರೆಯಲಾರೆ. ಮೊಳಕಾಲು, ತೊಡೆ, ಹೊಟ್ಟೆ. ಎದೆಗೆ ಬಂದಾಗ ಹಿಂದಿರುಗುವವನಿದ್ದೆ. ಗಡಿಗೆಯೊಳಗೆ ಅದೇ ಕತ್ತಲೆ, ಅದೇ ಬೇರೆಯವರ ಉಸಿರು. ನೀರಿನ ಕೆಳಗೆ ಅಪ್ಪ ಕೈ ಬಿಟ್ಟಿರಲಿಲ್ಲ. ಎರಡು ತೂತಿನಲ್ಲಿ ಬಾತುಗಳ ಎದೆ ಕಾಣುತ್ತಿತ್ತು, ಅಷ್ಟು ಹತ್ತಿರ. ಒಂದರ ಕಣ್ಣು ನನ್ನ ಕಣ್ಣನ್ನು ನೋಡಿ, ಏನೂ ಅಲ್ಲವೆಂದು ಮುಂದೆ ಹೋಯಿತು. ಆಗ ಅಪ್ಪ ತನ್ನ ಗಡಿಗೆಯೊಳಗಿಂದ ಒಂದು ಮಾತು ಹೇಳಿದ. ಮಾಸ್ತರರಿಂದ ಹೊಡೆದುಹಾಕಿಸಿದ ಮಾತು ಅದೇ. ಹೇಳಿ, "ನಿಮ್ಮವ್ವಗ ಹೇಳಬ್ಯಾಡ" ಎಂದ. ಅದಕ್ಕೇ ಬರೆಯುವುದಿಲ್ಲ. ಆ ಮಾತು ಕೇಳಿದ ಮೇಲೆ ನನ್ನ ಕಾಲು ಮುಂದೆ ಹೋಯಿತು, ಅಷ್ಟು ತಿಳಿದುಕೋ.

ಜೊಂಡಿನ ಕಡೆ ನಾನು, ಈಚೆ ಕಡೆ ಅವನು, ನೀರಿನ ಕೆಳಗೆ ಕೈ ಬಿಡದೆಯೇ ಹಿಂಡನ್ನು ಮೆಲ್ಲಗೆ ದಂಡೆಗೆ ತಂದೆವು. ಗೂಡಿನ ಮುಂದೆ, ಬಿಸಿಲು ಸರಿಯಾಗಿ ಬೀಳುವಲ್ಲಿ ಬಂದವು. ಒಂದು ದಪ್ಪ ಬಾತು ಅಪ್ಪನ ಗಡಿಗೆಗೆ ಮೈ ತಾಗಿಸಿ ನಿಂತಿತು.

ಆಗ ಅಪ್ಪ ನನ್ನ ಕೈ ಬಿಟ್ಟ.

ಬಾತು ಇದ್ದಲ್ಲಿ ಬಾತು ಇಲ್ಲ. ಸದ್ದಿಲ್ಲ, ಒಂದು ಹನಿಯೂ ಸಿಡಿಯಲಿಲ್ಲ. ಅಪ್ಪ ಬೇಕೆಂದು ಹಿಡಿಯಲಿಲ್ಲ ಅವ್ವಾ. ಅಷ್ಟು ಹತ್ತಿರ ಬಾತಿನ ಕಾಲು ಬಂದರೆ ಅವನ ಕೈ ಅವನನ್ನು ಕೇಳುವುದೇ ಇಲ್ಲ. ಗೂಡಿನೊಳಗೆ ಕ್ಯಾಮೆರಾ ಟಕ್ ಎಂದಿತು. ನಾನು ಕುತ್ತಿಗೆವರೆಗೆ ನೀರಿನಲ್ಲಿ, ಯಾರ ಕೈಯೂ ಇಲ್ಲದೆ ನಿಂತಿದ್ದೆ. ನಿಂತಿದ್ದೇನೆ ಎನ್ನುವುದು ಆಮೇಲೆ ತಿಳಿಯಿತು.

"ಏ ಕಾಶಪ್ಪಾ!" ಎಂದು ಚಂದ್ರಾಮಪ್ಪ ಕೂಗಿದ. ಅಪ್ಪ ಕೈ ಸಡಿಲಿಸಿದ. ಬಾತು ನನ್ನ ಮುಂದೆಯೇ ಎದ್ದು, ಕೆಮ್ಮಿ, ರೆಕ್ಕೆ ಬಡಿಯಿತು. ಇಡೀ ಕೆರೆ ಒಮ್ಮೆಲೇ ಮೇಲೆದ್ದಿತು, ಯಾರೋ ಕರಿ ಕಂಬಳಿ ಕೊಡವಿದ ಹಾಗೆ.

ದಂಡೆಗೆ ಬಂದೆವು. "ಹಿಡದಿ ಏನು?" ಎಂದು ಚಂದ್ರಾಮಪ್ಪ ಕೇಳಿದ.

"ಎಲ್ಲಿ ಹಿಡದೀನೋ ಮಾರಾಯ? ನೋಡು, ಕೈ ಖಾಲಿ ಅದ."

"ತಮ್ಮಾ, ನೀ ಹೇಳು. ನೀ ಸುಳ್ಳ ಹೇಳಂಗಿಲ್ಲಂತಲ್ಲ."

ಸಾಹೇಬರು ಅವನ ಹಿಂದೆ ನಿಂತು ನನಗೆ ತಲೆ ಅಲ್ಲಾಡಿಸಿದರು, ಬೇಡ ಬೇಡ ಎಂದು. ನಾನು "ಹಿಡಿದಿದ್ದ, ಬಿಟ್ಟ. ಬೇಕಂತ ಅಲ್ಲ, ಕೈಗಿ ರೂಢಿ ಅದ" ಎಂದೆ. ಹಿಡಿದಿದ್ದ ಎನ್ನುವುದನ್ನಷ್ಟೇ ಎಲ್ಲರೂ ಕೇಳಿಸಿಕೊಂಡರು.

ಚಂದ್ರಾಮಪ್ಪ ಕೆಟ್ಟವನಲ್ಲ. "ನಾ ಇದನ್ನ ಕಂಡೀನಿ ಅಂದ್ರ ನಿನ್ನ ಚಾವಡಿಗಿ ಒಯ್ಯಬೇಕು ಕಾಶಪ್ಪ. ಗಡಿಗಿ ಒಡಿ, ಇಲ್ಲಿಗೇ ಮುಗೀಲಿ" ಎಂದ. ಅಪ್ಪ ತನ್ನದನ್ನು ಕಲ್ಲಿಗೆ ಕುಕ್ಕಿದ. ನನ್ನದನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತ. ಆಮೇಲೆ ಅದನ್ನೂ ಒಡೆದ. ಬಂಡಿಗೂ ಕಾಯದೆ ಸೇಡಂ ದಾರಿ ಹಿಡಿದ. ಆಲದ ಮರದವರೆಗೆ ಹಿಂದೆ ಹೋದೆ. ತಿರುಗಿ ನೋಡದೆ "ಹೊಳ್ಳಿ ಹೋಗು" ಎಂದ.

ಅವ್ವಾ, ಅಪ್ಪ ಬಾಯಿ ಬಿಟ್ಟು ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನೂ ಇಲ್ಲ ಎನ್ನಬೇಕಿತ್ತೇನು? ಗಡಿಗೆ ಒಡೆಯುವಾಗ ಅವನ ಮುಖ ನೋಡಿದ್ದರೆ ನೀನೂ ಹಾಗೇ ಹೇಳುತ್ತಿದ್ದೆ. ಈಗ ಆ ಹೊಸ್ತಿಲು ನನಗೆ ಪೂರ್ತಿ ಮುಚ್ಚಿತು ಎಂದುಕೊಂಡಿದ್ದೇನೆ.

ನಿನ್ನ,
ಅಯ್ಯಪ್ಪ


ಕಾಗಿಣಾ ದಂಡೆ,
೧೧ ಜನವರಿ ೧೯೩೭

ಅಯ್ಯಪ್ಪಗ ನಿಮ್ಮವ್ವ ಮಾಣಿಕಮ್ಮ ಹೇಳಿ ಬರಸಾಕತ್ತೀನಿ.

ನಿಮ್ಮಪ್ಪ ಹೊಲದ ಕಡಿ ಹೋದಾಗ ಮಾಸ್ತರನ್ನ ಕರಸೀನಿ. ನಿನ್ನ ಕಾಗದ ಕೇಳಿದೆ. ನಡುವ ಎರಡ ಸಲ ಅತ್ತೆ, ಒಂದ ಸಲ ನಕ್ಕೆ. ಕೆಮ್ಮಿದ ಬಾತಿನ ಮಾತಿಗಿ ನಕ್ಕಿದ್ದು.

ನೀ ಬರೀಲಿಲ್ಲಲ್ಲ, ಆ ಮಾತ ನನಗ ಗೊತ್ತದ. ಲಗ್ನಾದ ವರ್ಸದಿಂದ ಗೊತ್ತದ. ಕೆರಿಗಿ ಹೋಗೋ ದಿನ ಅಂವಗ ರೊಟ್ಟಿ ಗಂಟಲಾಗ ಇಳಿಯಂಗಿಲ್ಲ. ಹಸಿವಿಲ್ಲ ಅಂತಾನ. ಬಂದ ಮ್ಯಾಲ ಎರಡಾಳಿನ ಊಟ ಉಣ್ತಾನ. ನೀರಿಗಿ ಅಂಜತಾನ ಅಂತ ನಾ ಕೇಳಿಲ್ಲ, ಅಂವ ಹೇಳಿಲ್ಲ. ನೀ ಹುಟ್ಟಿ ಅದೇ ನಮೂನಿ ಹೊಟ್ಟಿ ನೋವು ಅಂದಾಗ ನನಗ ತಿಳದಿತ್ತು. ನಾನರ ಬಾಯಿ ಬಿಡಬೇಕಿತ್ತು.

ಅಂವ ಬಂದು ಏನ ಹೇಳ್ಯಾನ ಕೇಳು. ಬಾತಿನ ಸುದ್ದಿ ಇಲ್ಲ, ಗಡಿಗಿ ಸುದ್ದಿ ಇಲ್ಲ, ಚಂದ್ರಾಮಪ್ಪನ ಸುದ್ದಿ ಇಲ್ಲ. ಕಟ್ಟಿ ಮ್ಯಾಲ ಕುಂತು ದಂಡಿ ಮಂದಿಗೆಲ್ಲ "ನನ್ನ ಮಗ ನೀರಾಗ ನಿಂತ, ಒಂದ ಬೀಡಿ ಸೇದಿ ಮುಗಿಯೋ ತನ ನ್ಯಾರ ನಿಂತ" ಅಂತ ಹೇಳ್ಯಾನ. ಪೀರಮ್ಮ "ಬೀಡಿ ಎಷ್ಟ ಉದ್ದಂದು ಕಾಶಪ್ಪಣ್ಣ?" ಅಂದಳು. ಅಕಿ ಕೂಡ ಎರಡ ದಿನ ಮಾತ ಬಿಟ್ಟಾನ.

ನನ್ನ ಮುಂದ ಮಾತ್ರ ಸುಮ್ಮ ಕುಂದರ್ತಾನ. ಸಿಟ್ಟು ಯಾರ ಮ್ಯಾಲ ಅದ ನನಗ ತಿಳಿವಲ್ದು. ಕೈ ನೋಡ್ಕೋತ ಕುಂದರ್ತಾನ. ಬಾ ಅಂತ ನಾ ಹೇಳಬಲ್ಲೆ. ಆದ್ರ ಹೊಸ್ತಿಲಾ ಬ್ಯಾಡ ಅಂದಾಂವ ಅಂವ, ಬಾ ಅನ್ನಾಂವನೂ ಅಂವನೇ ಆಗಬೇಕು. ತಡಿ.

ಹೊಟ್ಟಿ ತುಂಬ ಉಣ್ಣು.

ಮಾಣಿಕಮ್ಮ


ವಾಡಿ,
೨೫ ಜನವರಿ ೧೯೩೭

ಅಪ್ಪನಿಗೆ,

ಬೀಡಿ ಮುಗಿಯುವವರೆಗೆ ನಿಂತಿರಲಿಲ್ಲ. ಅರ್ಧ ಬೀಡಿ ಇರಬಹುದು. ದಂಡೆಯ ಮಂದಿಗೆ ಅಷ್ಟನ್ನೇ ಹೇಳು.

ಈ ಕಾಗದದ ಜೊತೆ ಎರಡು ರಟ್ಟಿನ ನಡುವೆ ಒಂದು ಫೋಟೊ ಇದೆ. ನೋಡುವ ಮೊದಲು ಇದನ್ನು ಪೂರ್ತಿ ಕೇಳು.

ನಿನ್ನ ಫೋಟೊ ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೆವು. ಮಾತು ಮುರಿದಿದೆ. ಯಾರೂ ಬೇಕೆಂದು ಮುರಿದದ್ದಲ್ಲ. ಕತ್ತಲ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ನಾನೇ ಕಾಗದವನ್ನು ಔಷಧದ ನೀರಿನಲ್ಲಿ ಆಡಿಸುತ್ತಿದ್ದೆ. ಮೊದಲು ಬಾತುಗಳ ಬಾಲ ಬಂದವು, ಆಮೇಲೆ ಗಡಿಗೆಗಳು. ಎಲ್ಲ ಗಡಿಗೆಗಳೂ ಗಡಿಗೆಗಳೇ. ಎರಡರಲ್ಲಿ ಮಾತ್ರ ತೂತು, ತೂತಿನೊಳಗೆ ಕಣ್ಣು. ಭೂತಗನ್ನಡಿ ಹಿಡಿದರೆ ರೆಪ್ಪೆ ಕೂಡ ಕಾಣುತ್ತದೆ. ಬಲಗಡೆಯ ಗಡಿಗೆಯ ಪಕ್ಕದಲ್ಲಿ ನೀರಿನ ಮೇಲೆ ಒಂದು ಉಂಗುರ ಮೂಡಿದೆ, ಬಾತು ಹೋದ ಜಾಗ. ಅದರಿಂದ ಬಲಗಡೆಯವನು ನೀನು.

ಸಾಹೇಬರು ಹೈದರಾಬಾದಿಗೆ ಕಳಿಸಲು ಫೋಟೊದ ಮೂಲ ಇರುವ ಗಾಜಿನ ತಟ್ಟೆಯ ಮೇಲೆ ಪೆನ್ಸಿಲ್ ಆಡಿಸಿ ಆ ಕಣ್ಣುಗಳು ಕಾಣದಂತೆ ಮಾಡು ಎಂದರು. ನಾನು ಒಲ್ಲೆ ಎಂದೆ.

"ಅರೇ ಬೇಟಾ, ಬಣ್ಣದ ಅರಮನಿ ಮುಂದ ಕುಂತ ಮಂದಿಗಿ ನೀ ಒಂದಿನ ಏನೂ ಅಂದಿಲ್ಲ. ಈಗೇನ ಬಂತು?"

"ಅದು ಬಟ್ಟಿ ಅಂತ ಅವರಿಗಿ ಗೊತ್ತದಲ್ರೀ."

ಅವರು "ನೀ ಅಂಗಡಿ ಇಟ್ಟರ ಮೂರ ದಿನದಾಗ ಬಾಗಿಲ ಹಾಕ್ತೀ" ಎಂದು ನಕ್ಕರು. ಆಮೇಲೆ ಕೊಕ್ಕರೆಯ ಫೋಟೊವನ್ನೇ ಕಳಿಸಿದರು. ಇದನ್ನು ನನಗೆ ಕೊಟ್ಟರು.

ಇದು ನಿನಗೆ ಬೇಡವಾದರೆ ಒಲೆಗೆ ಹಾಕು. ಇಲ್ಲಿ ಗಾಜಿನ ತಟ್ಟೆಯನ್ನೂ ಒಡೆಯುತ್ತೇನೆ, ಸಾಹೇಬರು ಒಪ್ಪಿದ್ದಾರೆ. ಬಚ್ಚಿಟ್ಟಿದ್ದರೆ ನಿನಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ನಿನ್ನ ಕಣ್ಣು ನಿನಗೆ ತಿಳಿಯದಂತೆ ನನ್ನ ಪೆಟ್ಟಿಗೆಯಲ್ಲಿ ಇರುವುದು ಸರಿಯಲ್ಲ.

ಚಂದ್ರಾಮಪ್ಪನ ಮುಂದೆ ನಾನು ಹೇಳಿದ್ದಕ್ಕೆ ನಿನಗೆ ಸಿಟ್ಟಿದ್ದರೆ ಅದನ್ನೂ ಬರೆಸು. ಹೊಡೆದುಹಾಕಿಸಬೇಡ.

ಅಯ್ಯಪ್ಪ


ಕಾಗಿಣಾ ದಂಡೆ,
೬ ಫೆಬ್ರವರಿ ೧೯೩೭

ಅಯ್ಯಪ್ಪಗ.

ಫೋಟೊ ನೋಡಿದೆ. ಅದು ಗಡಿಗೀದು ಫೋಟೊ, ನಂದಲ್ಲ. ಆ ಗಡಿಗಿ ಅವತ್ತೇ ಒಡದು ಹೋಗ್ಯಾದ. ಹೋಗೋದು ಹೋಯ್ತು, ನಾ ಉಳದೆ. ತಟ್ಟಿ ಒಡಿಬ್ಯಾಡ.

ನಿಮ್ಮವ್ವಗ ಉಂಗುರದ ಮಾತ ಹೇಳದ ಫೋಟೊ ಕೈಗಿ ಕೊಟ್ಟು, ಯಾವ ಕಣ್ಣು ನಂದು, ಯಾವ ಕಣ್ಣು ನಿಂದು ಗುರ್ತು ಹಿಡಿ ಅಂದೆ. ಭಾಳ ಹೊತ್ತ ನೋಡಿದಳು. ಎರಡೂ ಒಂದೇ ನಮೂನಿ ಅಂಜ್ಯಾವ, ಹ್ಯಾಂಗ ಹೇಳಲಿ ಅಂದಳು. ಅಕಿ ಅಂದಿದ್ದು ಖರೇನೇ ಅದ.

ಆ ಉಂಗುರ ನೋಡಿ ಮೊದಲ ನಾಚಿಕಿ ಆತು, ಆಮ್ಯಾಲ ನಗಿ ಬಂತು. ಕೈ ನಂದು, ಮಾತ ಕೇಳಲಿಲ್ಲ. ಚಂದ್ರಾಮಪ್ಪನ ಮುಂದ ಇಲ್ಲ ಅಂದಾಂವ ನಾನು. ನೀ ಖರೇ ಹೇಳಿದಿ. ದಾರಿ ತುಂಬ ನಿನ್ನ ಮ್ಯಾಲ ಸಿಟ್ಟಿತ್ತು. ಸೇಡಂ ಸ್ಟೇಶನದಾಗ ಕುಂತಾಗ ಇಳೀತು. ನಿನ್ನ ಕೈ ಬಿಟ್ಟಿದ್ದು ಮಾತ್ರ ಇನ್ನೂ ಇಳದಿಲ್ಲ. ನೀರಾಗ ಹಂಗ ಬಿಡಬಾರದಿತ್ತು.

ನಿನ್ನ ಮಾರಿ ನಾ ಹ್ಯಾಂಗ ಅಳದೆ ಅಂತ ನಿಮ್ಮವ್ವಗ ಕೇಳಿ ಬರದೀಯಂತ. ನನ್ನ ಮಾರೀನೇ ಅಳದೆ, ಒಂದ ಕಾಳಿನಷ್ಟ ಸಣ್ಣದು ಮಾಡಿದೆ.

ವಾಡಿಯಾಗ ಕುಂಬಾರನ ಹಂತೇಲಿ ಎರಡ ಗಡಿಗಿ ತಗೊಂಡ ಬಾ. ತೂತ ಹಾಕಸಬ್ಯಾಡ. ಅದಕ್ಕ ಎದುರಿಗಿ ಮಾರಿ ಇರಬೇಕು. ನೀರಿಗಿ ಇಳಿ, ಬಿಡು, ಅದು ನಿನಗ ಬಿಟ್ಟಿದ್ದು. ಹೊಸ್ತಿಲಾ ನಿಮ್ಮವ್ವ ಸಾರಿಸ್ಯಾಳ.

ಕಾಶಪ್ಪನ ಹೆಬ್ಬೆಟ್ಟು

ಚಿ. ಅಯ್ಯಪ್ಪ, ಈ ಸಲ ಒಂದಕ್ಷರವನ್ನೂ ಹೊಡೆಸಲಿಲ್ಲ. ಪೀರಮ್ಮ ಬಾಗಿಲ ಹೊರಗೆ ನಿಂತಿದ್ದಾಳೆಂದು ಗೊತ್ತಿದ್ದೂ ಜೋರಾಗಿಯೇ ಹೇಳಿ ಬರೆಸಿದ.
ಗುರುಲಿಂಗಯ್ಯ


ವಾಡಿ,
೧೦ ಫೆಬ್ರವರಿ ೧೯೩೭

ಅಪ್ಪನಿಗೆ, ಅವ್ವನಿಗೆ,

ಗಡಿಗೆ ಕೊಂಡೆ. ಕುಂಬಾರನು ತೋರಿಸಿದ್ದನ್ನೆಲ್ಲ ತಲೆಗೆ ಹಾಕಿ ನೋಡುತ್ತಿದ್ದೆ. "ಗಡಿಗಿ ಒಯ್ತೀಯೋ, ಟೊಪ್ಪಿಗಿ ಒಯ್ತೀಯೋ?" ಎಂದು ಕೇಳಿದ. ಕೆಂಪಗಿವೆ, ಹೊಗೆ ನೀನು ಹಾಕು.

ಅಪ್ಪಾ, ನನಗೆ ಇನ್ನೂ ಅಂಜಿಕೆ ಇದೆ. ಒಂದು ಸಲ ನಿಂತ ಮಾತ್ರಕ್ಕೆ ಹೋಗಿಲ್ಲ. ಇಳಿಯುತ್ತೇನೆ ಎಂದು ಈಗಲೇ ಮಾತು ಕೊಡಲಾರೆ. ಇಳಿದರೆ, ಕೈ ಬಿಡುವ ಮೊದಲು ಹೇಳಿ ಬಿಡು.

ಸಿರಾಜುದ್ದೀನ ಸಾಹೇಬರು ಹೋಳಿ ಹುಣ್ಣಿಮೆಯವರೆಗೆ ರಜೆ ಕೊಟ್ಟಿದ್ದಾರೆ. ಈ ಕಾಗದವೂ ನಾನು ಹತ್ತುವ ಗಾಡಿಯಲ್ಲೇ ಚಿತ್ತಾಪುರಕ್ಕೆ ಬರುತ್ತದೆ. ಟಪಾಲಿನವನಿಗಿಂತ ಮೊದಲು ನಾನೇ ಮನೆ ಮುಟ್ಟಬಹುದು. ಹಾಗಾದರೆ ಮಾಸ್ತರರಿಗೆ ತೊಂದರೆ ಕೊಡಬೇಡಿ, ಬಂದಾಗ ನಾನೇ ಓದಿ ಹೇಳುತ್ತೇನೆ.

ನಾಳೆ ಮುಂಜಾನೆಯ ಗಾಡಿಗೆ ಹೊರಡುತ್ತೇನೆ.

ಅಯ್ಯಪ್ಪ